ಹೆಬ್ಬಾಳದ ಮೀನಿಗೆ ಅಮ್ಮ ಬಂದದ್ದು

ಹೆಬ್ಬಾಳ ಕೆರೆಯ ಏರಿಯ ಕೆಳಗೆ ಸರ್ಕಾರದ್ದೊಂದು ಹೆಂಚಿನ ಕೊಠಡಿ, ಅದರೊಳಗೆ ಗಾಜಿನ ತೊಟ್ಟಿ, ತೊಟ್ಟಿಯೊಳಗೆ ಎರಡು ಮೀನು. ಆ ಎರಡು ಮೀನಿನ ಉಸಿರಿಗೆ ಆಂಜಿನಪ್ಪನ ನೌಕರಿ ಗಂಟುಬಿದ್ದಿತ್ತು.

ಇವೇನು ಕೆರೆಯ ಮೀನುಗಳಲ್ಲ. ಹಳದಿ ಮೈ, ಕಪ್ಪು ಪಟ್ಟೆಯ ಸಮುದ್ರದ ಮೀನುಗಳು. ಮದ್ರಾಸಿನಿಂದ ತಗಡಿನ ಡಬ್ಬಿಯಲ್ಲಿ ರೈಲು ಹತ್ತಿ ಬಂದಿದ್ದವು. ವಸ್ತುಪ್ರದರ್ಶನಕ್ಕೆ ಕಳಿಸುವ ಮುಂಚೆ ಹದಿನೈದು ದಿನ ಬೇರೆ ಮೀನುಗಳ ಸಂಗಡ ಸೇರಿಸದೆ ಇಡಬೇಕಿತ್ತು. ಅಧಿಕಾರಿ ವೆಂಕಟರಾಮಯ್ಯನವರು ಮೊದಲ ದಿನವೇ ಬೆರಳೆತ್ತಿ ಹೇಳಿದ್ದರು.

"ಇದು ಕ್ವಾರಂಟೈನ್ ಕಣಯ್ಯ. ನಿನ್ನ ಬಿಟ್ಟು ಒಂದು ನರಪಿಳ್ಳೆ ಒಳಗೆ ಬರಕೂಡದು."

"ಮೀನಿಗೆ ರೋಗ ಐತಾ ಸಾರ್?"

"ಇದ್ಯೋ ಇಲ್ವೋ ಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಕ್ವಾರಂಟೈನು."

ಮೀನಿನ ಕಿವಿರು ನಿಮಿಷಕ್ಕೆ ಎಷ್ಟು ಸಲ ಆಡುತ್ತದೆಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುವುದೇ ಆಂಜಿನಪ್ಪನ ಕೆಲಸ. ಎಂಬತ್ತಿದ್ದರೆ ಕ್ಷೇಮ, ನೂರು ದಾಟಿದರೆ ಗಂಡಾಂತರ. ಆರು ವರ್ಷದಿಂದ ದಿನಗೂಲಿಯಲ್ಲೇ ಸವೆದಿದ್ದ ಆಂಜಿನಪ್ಪನಿಗೆ, ಮೀನು ಉಳಿದರೆ ಖಾಯಂ ಮಾಡಿಸುವುದಾಗಿ ಸಾಹೇಬರು ಮಾತು ಕೊಟ್ಟಿದ್ದರು. ಅವನ ಹೆಂಡತಿ ಗೌರಮ್ಮ ಆಗಲೇ ಊರಿಗೆಲ್ಲ ಸಾರಿ, ಗಂಡನಿಗೆ ಖಾಕಿ ಕೋಟು ಹೊಲಿಯಲು ಹಾಕಿಬಿಟ್ಟಿದ್ದಳು. ಪಾಪ, ಅವನು ಹದಿನೈದು ದಿನವೂ ಆ ಕೊಠಡಿಯಲ್ಲೇ ಬಿದ್ದುಕೊಂಡು ಕೆರೆಯ ಸೊಳ್ಳೆಗಳಿಗೆ ಮುಖವೊಡ್ಡಿದ್ದ. ಮುಖದ ತುಂಬ ಕೆಂಪು ಗುಳ್ಳೆ.

ಹದಿನೈದನೆಯ ದಿನ ಬೆಳಿಗ್ಗೆ ಎಣಿಸಿದ. ನೂರ ನಲವತ್ತು! ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದ. ನೂರ ನಲವತ್ತೆರಡು. ಮೀನುಗಳು ನೀರಿನ ಮೇಲಕ್ಕೆ ಬಂದು, ಮೆಟ್ಟಿಲು ಹತ್ತಿದ ಮುದುಕರಂತೆ ಬಾಯಿಬಾಯಿ ಬಿಡುತ್ತಿದ್ದವು. ಸಾಹೇಬರು ಬರುವುದು ಮೂರು ಗಂಟೆಗೆ.

ಉಸಿರು ಏಕೆ ಜೋರಾಗುತ್ತದೆಂದು ಸಾಹೇಬರು ಹೇಳಿಕೊಟ್ಟದ್ದನ್ನೆಲ್ಲ ನೆನೆಸಿಕೊಂಡ. ನೀರು ಬಿಸಿಯಾಗಿರಬಹುದು. ಒದ್ದೆ ಗೋಣಿತಾಟು ತಂದು ತೊಟ್ಟಿಯ ಸುತ್ತ ಸುತ್ತಿದ. ನೂರ ನಲವತ್ತು. ಗಲೀಜಾಗಿರಬಹುದು. ತಳದ ಕಸವನ್ನೆಲ್ಲ ಬಟ್ಟೆಯಲ್ಲಿ ಸೋಸಿ ತೆಗೆದ. ನೂರ ಮೂವತ್ತೆಂಟು. ನೀರಲ್ಲಿ ಗಾಳಿ ಸಾಲದೇ ಇರಬಹುದು. ಬಾಗಿಲಿಗೆ ಬಂದು ಕೂಗಿದ, "ಲಕ್ಕಣ್ಣಾ! ನಿನ್ ಸೈಕಲ್ ಪಂಪ್ ಕೊಡೋ!"

ಏರಿಯ ಮೇಲೆ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಕಣ್ಣನಿಗೆ ಪರರ ಕಷ್ಟವೆಂದರೆ ಪ್ರಾಣ. ಪಂಪು ಹಿಡಿದು ಓಡಿಬಂದು ಒಳಕ್ಕೇ ಕಾಲಿಟ್ಟ.

"ಒಳೀಕ್ ಬರ್ಬ್ಯಾಡ! ಆಚೆ ನಿಂತ್ಕೋ!"

"ಯಾಕ್ಲಾ? ಏನೈತೆ ಒಳಗೆ?"

"ಏಳಂಗಿಲ್ಲ, ಓಗಪ್ಪ!" ಎಂದು ಪಂಪು ಕಿತ್ತುಕೊಂಡು ಆಂಜಿನಪ್ಪ ಬಾಗಿಲು ಹಾಕಿಕೊಂಡ. ಬೆವರು ಸುರಿಯುತ್ತಿದ್ದ ಅವನ ಗುಳ್ಳೆಗುಳ್ಳೆ ಮುಖವನ್ನು ನೆನೆದು ಲಕ್ಕಣ್ಣ ಅಲ್ಲೇ ಸ್ವಲ್ಪ ಹೊತ್ತು ನಿಂತು ಯೋಚಿಸಿದ.

ಒಳಗೆ ಪಂಪು ಹೊಡೆದೂ ಹೊಡೆದೂ ಆಂಜಿನಪ್ಪನ ಉಸಿರೇ ಮೀನಿನದಕ್ಕಿಂತ ಜೋರಾಯಿತು. ಆಗ ಕಿಟಕಿಯಲ್ಲೊಂದು ತಲೆ ಕಾಣಿಸಿತು. ಪಕ್ಕದ ತೋಟದ ಬೈರಮ್ಮ. ಊರಿನ ಮಕ್ಕಳಿಗೆ ಅಮ್ಮ ಬಂದರೆ, ಅಂದರೆ ಸಿಡುಬು ಎದ್ದರೆ, ಬೇವಿನಸೊಪ್ಪು ಹಿಡಿದು ಮೊದಲು ಬರುವ ಮುದುಕಿ.

"ಲೇ ಆಂಜಿ, ಮೀನಿನ ಮೈಮ್ಯಾಲೆ ಬಿಳೀ ಬೊಕ್ಕೆ ನೋಡಿದ್ಯಾ? ಇದು ಅಮ್ಮ ಕಣ್ಲಾ! ತಾಯಿ ಬಂದವ್ಳೆ. ತಂಪು ಮಾಡ್ಬೇಕು!"

"ಮೀನು ನೀರೊಳಗೇ ಐತಲ್ಲಜ್ಜೀ! ಇನ್ನೇನ್ ತಂಪು ಮಾಡ್ಲಿ?"

"ಉಪ್ಪುನೀರಲ್ಲಿ ಕೂರ್ಸಿದ್ದೀಯಲ್ಲೋ ಪಾಪಿ! ಅಮ್ಮ ಬಂದೋರ್ಗೆ ಉಪ್ಪು ಆಯ್ತದಾ?"

ಮುದುಕಿಯ ಬಾಯಿಗೆ ಸಿಕ್ಕಿ ಕೂತರೆ ಆಗದೆಂದು, ಸಾಹೇಬರನ್ನೇ ಕೇಳಲು ಆಂಜಿನಪ್ಪ ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು ಬಳ್ಳಾರಿ ರಸ್ತೆಯ ಪೋಸ್ಟಾಫೀಸಿಗೆ ಓಡಿದ. ಫೋನು ಸಿಗಲು ಅರ್ಧ ಗಂಟೆಯಾಯಿತು. ಸಿಕ್ಕಾಗ ಅತ್ತ ಕಡೆಯವರು, "ಸಾಹೇಬರು ಆಗಲೇ ಹೊರಟರಲ್ಲಪ್ಪ" ಎಂದರು. ಎದ್ದೆನೋ ಬಿದ್ದೆನೋ ಎಂದು ವಾಪಸು ಬಂದ.

ಬಾಗಿಲಿಗೆ ಬೇವಿನಸೊಪ್ಪಿನ ತೋರಣ. ಹೊಸಿಲಿಗೆ ಅರಿಸಿನ. ಒಳಗೆ ಬೈರಮ್ಮ ಬಾವಿಯ ಸಿಹಿನೀರು ತುಂಬಿದ ಮಣ್ಣಿನ ಬಾನಿಯ ಮುಂದೆ ಕೂತು, "ತಣ್ಣಗಿರು ತಾಯಿ, ತಣ್ಣಗಿರು" ಅನ್ನುತ್ತಿದ್ದಳು. ಬಾನಿಯೊಳಗೆ ಎರಡೂ ಮೀನು!

"ಅಯ್ಯಯ್ಯೋ! ನನ್ ನೌಕ್ರಿಗೆ ಮಣ್ಣಾಕ್ಬುಟ್ಟಲ್ಲಜ್ಜೀ!"

ಆಂಜಿನಪ್ಪ ಮೀನುಗಳನ್ನು ಬಾಚಿ ಉಪ್ಪುನೀರಿಗೆ ಬಿಟ್ಟು, ತಲೆಯ ಮೇಲೆ ಕೈಹೊತ್ತು ಕೂತ. ನಿಜವಾಗಿಯೂ ಅತ್ತುಬಿಟ್ಟ. ಗೌರಮ್ಮನಿಗೆ ಯಾವ ಮುಖ ತೋರಿಸಲಿ ಎಂದು ಹಲುಬಿದ. ಮುದುಕಿ ಮಾತ್ರ ಸೆರಗು ಕೊಡವಿಕೊಂಡು, "ಸಂಜೆಗೆ ಇಳೀತದೆ ಬುಡು" ಎಂದು ಹೊರಟುಹೋದಳು.

ಎರಡೂ ಮುಕ್ಕಾಲಿಗೆ ಧೈರ್ಯ ಮಾಡಿ ಎಣಿಸಿದ. ತೊಂಬತ್ತು. ಮೂರಕ್ಕೆ ಎಂಬತ್ತೆರಡು! ಮೀನುಗಳು ಏನೂ ಆಗೇ ಇಲ್ಲವೆಂಬಂತೆ ಬಾಲ ಬೀಸುತ್ತಿದ್ದವು. ಅಷ್ಟರಲ್ಲಿ ಜೀಪು ಬಂತು.

ನಡೆದದ್ದನ್ನೆಲ್ಲ ಆಂಜಿನಪ್ಪ ಒಪ್ಪಿಕೊಂಡ. ವೆಂಕಟರಾಮಯ್ಯನವರು ಕೇಳಿ ಬಿದ್ದುಬಿದ್ದು ನಕ್ಕರು.

"ಮೈಗೂ ಕಿವಿರಿಗೂ ಹುಳ ಹತ್ತಿತ್ತು ಕಣಯ್ಯ! ಆ ಬಿಳೀ ಬೊಕ್ಕೆ ಅಂದ್ರೆ ಅದೇ. ಅದಕ್ಕೇ ಉಸಿರಾಡೋಕೆ ಒದ್ದಾಡ್ತಿದ್ವು. ಸಿಹಿನೀರಲ್ಲಿ ಅದ್ದಿದ್ರೆ ಆ ಹುಳ ಉದುರಿಹೋಗುತ್ತೆ. ಆ ಮುದುಕಿ ಅರಿಯದೇನೇ ಸರಿಯಾದ ಔಷಧಿ ಮಾಡಿದ್ದಾಳೆ. ತಗೋ, ನಿನ್ನ ಖಾಯಂ ಆರ್ಡರು. ನಾಳೆ ಹತ್ತು ಗಂಟೆಗೆ ಹೆಡ್ಡಾಫೀಸಿಗೆ ನೀನೇ ಬಂದು ರುಜು ಹಾಕಬೇಕು. ತಪ್ಪಿದ್ರೆ ಬೇರೆಯವರನ್ನ ತಗೋತಾರೆ, ಜೋಕೆ."

ಆಂಜಿನಪ್ಪ ಕಾಗದ ಕಣ್ಣಿಗೊತ್ತಿಕೊಂಡ. ಅದನ್ನು ಮಡಚುವ ಹೊತ್ತಿಗೆ ಬಾಗಿಲಲ್ಲಿ ಲಕ್ಕಣ್ಣ, ಅವನ ಹಿಂದೆ ಚೀಲ ಹಿಡಿದ ಹೆಲ್ತ್ ಇನ್ಸ್‌ಪೆಕ್ಟರ್ ವಾಜಿದ್ ಸಾಹೇಬರು ನಿಂತಿದ್ದರು.

"ಎದರ್ಕೋಬ್ಯಾಡ ಆಂಜಿನಪ್ಪ," ಎಂದ ಲಕ್ಕಣ್ಣ. "ಬಾಗ್ಲಲ್ಲಿ ಬೇವಿನಸೊಪ್ಪು ಕಂಡೆ, ನಿನ್ ಮಖಾನೂ ಕಂಡಿದ್ದೆ. ಸೈಕಲ್ ತುಳ್ಕೊಂಡೋಗಿ ಕರ್ಕೊಂಡ್ಬಂದೆ."

"ಅಯ್ಯೋ ಸ್ವಾಮಿ! ಅಮ್ಮ ಬಂದಿದ್ದು ನಂಗಲ್ಲ, ಮೀನಿಗೆ!"

ವಾಜಿದ್ ಸಾಹೇಬರು ಕನಿಕರದಿಂದ ತಲೆಯಾಡಿಸಿದರು. "ಜ್ವರ ತಲೆಗೇರಿದೆ. ಹದಿನೈದು ದಿನ ಈ ಕೊಠಡಿ ಬಿಟ್ಟು ಹೊರಗೆ ಬರಬೇಡಿ."

"ಇದು ಸೊಳ್ಳೆ ಕಡಿದಿದ್ದು! ಸಾರ್, ನೀವಾದ್ರೂ ಏಳಿ! ನಂಗ್ ರೋಗ ಐತಾ?"

ವೆಂಕಟರಾಮಯ್ಯನವರು ಆಗಲೇ ಮೂಗಿಗೆ ಕರವಸ್ತ್ರ ಹಿಡಿದು ಹೊಸಿಲಾಚೆ ನಿಂತಿದ್ದರು.

"ಇದ್ಯೋ ಇಲ್ವೋ ಗೊತ್ತಿಲ್ಲ ಕಣಯ್ಯ. ಗೊತ್ತಿಲ್ಲ ಅಂತಾನೇ ಕ್ವಾರಂಟೈನು."

ಲಕ್ಕಣ್ಣ ಕೈಗೆ ಬಟ್ಟೆ ಸುತ್ತಿಕೊಂಡು ಮೀನುಗಳನ್ನು ಡಬ್ಬಿಗೆ ತುಂಬಿ, ಒಂದು ತೊಟ್ಟೂ ಚೆಲ್ಲದಂತೆ ಜೀಪಿಗೇರಿಸಿದ. ವೆಂಕಟರಾಮಯ್ಯನವರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ನಿನಗೆ ಓದು ಬರಹ ಬರುತ್ತೇನಪ್ಪ?"

"ನಾಕ್ನೇ ಕ್ಲಾಸು ಸಾರ್."

ಕಿಟಕಿಯ ಸರಳು ಹಿಡಿದು ನಿಂತಿದ್ದ ಆಂಜಿನಪ್ಪನ ಎದೆ ತಿದಿಯಂತೆ ಏರಿಳಿಯತೊಡಗಿತು. ವೆಂಕಟರಾಮಯ್ಯನವರು ಅಭ್ಯಾಸಬಲದಿಂದ ಜೇಬಿನ ಗಡಿಯಾರ ತೆಗೆದು ಒಂದು ನಿಮಿಷ ಅವನನ್ನೇ ನೋಡಿ, ನೋಟ್‌ಬುಕ್ಕನ್ನು ಲಕ್ಕಣ್ಣನ ಕೈಗಿತ್ತರು.

"ಎಪ್ಪತ್ತು. ಬರ್ಕೊಳ್ಳಯ್ಯ. ನಾಳೆ ಹತ್ತು ಗಂಟೆಗೆ ಅದನ್ನ ತಗೊಂಡು ಹೆಡ್ಡಾಫೀಸಿಗೆ ಬಾ."