ಬೀಗರ ಕೈಯಲ್ಲಿ ನನ್ನ ಚಪ್ಪಲಿ

ಅಧಿಕಾರ ಹೋದಮೇಲೂ ಅದರ ದನಿ ಮನುಷ್ಯನ ಗಂಟಲಲ್ಲಿ ಉಳಿದುಬಿಡುತ್ತದೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾಗಿ ಆರು ವರ್ಷವಾಯಿತು. ಈಗಲೂ ಬಾಯಾರಿದರೆ ನನ್ನ ಕೈ ಮೇಜಿನ ಮೇಲೆ ಗಂಟೆಗಾಗಿ ತಡವುತ್ತದೆ. ಗಂಟೆಯಿಲ್ಲ, ಓಡಿಬರುವ ಜವಾನನಿಲ್ಲ, ಅಡುಗೆಮನೆಯಿಂದ ನನ್ನವಳ ದನಿ ಮಾತ್ರ ಬರುತ್ತದೆ: "ಲೋಟ ಅಲ್ಲೇ ಐತಲ್ಲ, ಕೈಗೇನಾಗೈತೆ?" ಈ ಕಾಯಿಲೆ ಮನೆಯೊಳಗೇ ಇದ್ದಿದ್ದರೆ ನಾನು ಬರೆಯುವ ಅಗತ್ಯವಿರಲಿಲ್ಲ. ಅದು ಹಾಸನದ ಮೈದಾನದಲ್ಲಿ, ಹಾಡಹಗಲಲ್ಲಿ, ಮಗಳ ಮದುವೆಯ ಮಾತುಕತೆಯ ದಿನವೇ ಹೊರಬಿತ್ತು.

ಹಳೆಯ ರಾಜರ ಕಾಲದ ಬದುಕನ್ನು ಕಣ್ಣೆದುರು ತೋರಿಸುವ ಉತ್ಸವವೊಂದು ಅಲ್ಲಿ ನಡೆದಿತ್ತು. ಥರ್ಮೋಕೋಲಿನ ಅರಮನೆ, ಮರದ ಗಾಣ, ಕಚ್ಚೆಪಂಚೆ ಉಟ್ಟು ಚುರುಮುರಿ ಮಾರುವವನು, ಅವನ ಎದೆಯ ಮೇಲೆ ಫೋನಿನಲ್ಲಿ ದುಡ್ಡು ಹಾಕುವ ಚೌಕದ ಚೀಟಿ. ಗಂಡಿನ ಕಡೆಯವರು ಅರಕಲಗೂಡಿನವರು. ಹುಡುಗನ ಫೋಟೋ ನೋಡಿ ನಮ್ಮ ಸುಮಾ ಬಹಳ ದಿನಗಳ ಮೇಲೆ ಮೊದಲ ಸಲ "ನೋಡಣ" ಎಂದಿದ್ದಳು. ಮನೆಗೆ ಕರೆಸಿ ಉಪ್ಪಿಟ್ಟು ಕೊಟ್ಟು ಆಮೇಲೆ ಬೇಡವೆಂದರೆ ಎರಡೂ ಕಡೆಗೆ ಮುಜುಗರ. ಉತ್ಸವದಲ್ಲಿ ಸೇರೋಣ, ಒಗ್ಗದಿದ್ದರೆ ಉತ್ಸವ ನೋಡಲು ಬಂದವರಂತೆ ಅವರವರ ದಾರಿ ಹಿಡಿಯೋಣ ಎಂದು ನಡುವೆ ಇದ್ದ ನೆಂಟರು ಸೂಚಿಸಿದ್ದರು. ಹುಡುಗನ ತಂದೆ ಕೃಷ್ಣೇಗೌಡರನ್ನು ನಾನು ಕಂಡವನಲ್ಲ.

ಚನ್ನರಾಯಪಟ್ಟಣದಿಂದ ನಾವು ಒಂದು ಗಂಟೆ ಮೊದಲೇ ಬಂದಿಳಿದಿದ್ದೆವು. ಹೊತ್ತು ಹೋಗಬೇಕಲ್ಲ. ವೇಷ ಬಾಡಿಗೆಗೆ ಕೊಡುವ ಡೇರೆಯಲ್ಲಿ ರಾಜನ ಉಡುಪು ಒಂದೇ ಒಂದಿತ್ತು. "ನಿಮ್ಮ ಹೊಟ್ಟೆಗೆ ಸರ್ಯಾಗ್ ಕೂರ್ತದೆ ಸಾ" ಎಂದ ಡೇರೆಯವನು. ಹೊಟ್ಟೆಗೆ ಅಂಥ ಗೌರವ ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ಕಿರೀಟವಿಟ್ಟು, ಗಡ್ಡ ಅಂಟಿಸಿಕೊಂಡು ಸಿಂಹಾಸನವೇರಿದೆ. ಕೂತಮೇಲೆ ಏಳಲು ಮನಸ್ಸಾಗಲಿಲ್ಲ. ಕುರ್ಚಿಯ ವಿಷಯದಲ್ಲಿ ನಾನು ಮೊದಲಿನಿಂದಲೂ ಹಾಗೆ. ಫೋಟೋ ತೆಗೆಯುವವನು "ಚಪ್ಪಲಿ ಕಾಣ್ತದೆ, ತೆಗೀರಿ ಸಾ" ಎಂದ. ಪಕ್ಕದಲ್ಲಿ ಕಾವಲುಗಾರನೊಬ್ಬ ಈಟಿ ಹಿಡಿದು ನಿಂತಿದ್ದ. ಉತ್ಸವದವರು ಕೂಲಿಗೆ ನಿಲ್ಲಿಸಿದ ಆಳು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಅವನ ಬಟ್ಟೆಯ ಹೊರತು ಬೇರೆ ಆಧಾರವಿರಲಿಲ್ಲ. ಮೂವತ್ತು ವರ್ಷದ ದನಿ ತಾನಾಗಿ ಎದ್ದುಬಂತು: "ಏಯ್, ಇವನ್ನ ಹಿಡ್ಕೊ. ಹೊಸವು, ಕಳೆದುಗಿಳೆದೀಯ!" ಅವನು ನನ್ನನ್ನೊಮ್ಮೆ ನೋಡಿದ, ಚಪ್ಪಲಿಗಳನ್ನೊಮ್ಮೆ ನೋಡಿದ, ಬಗ್ಗಿ ಎತ್ತಿಕೊಂಡ.

ಫೋಟೋ ಮುಗಿಸಿ ಥರ್ಮೋಕೋಲಿನ ಅರಮನೆಯ ಸುತ್ತ ರಾಜಗಾಂಭೀರ್ಯದಿಂದ ಒಂದು ಸುತ್ತು ಹಾಕುವಷ್ಟರಲ್ಲಿ ನನ್ನವಳ ಫೋನು. "ಅವ್ರು ಬಂದು ಅರ್ಧ ಗಂಟೆ ಆಯ್ತಂತೆ ಕಣ್ರೀ. ಆ ಸಿಂಹಾಸನದ ತಾವೇ ಅವ್ರೆ. ಹುಡುಗನ ಅಪ್ಪ ತಮಾಸೆಗೆ ಕಾವಲುಗಾರನ ವೇಸ ಆಕ್ಕಂಡವ್ರಂತೆ. ಬೇಗ ಬನ್ನಿ."

ವೇಷದ ಡೇರೆಯೊಳಗೆ ನುಗ್ಗಿ ಅದರ ಸೀಳಿನಿಂದ ಇಣುಕಿದೆ. ನನ್ನ ಭಾವೀ ಬೀಗರು ಒಂದು ಕೈಯಲ್ಲಿ ಈಟಿ, ಇನ್ನೊಂದರಲ್ಲಿ ನನ್ನ ಚಪ್ಪಲಿ ಹಿಡಿದು ಜನರ ನಡುವೆ ನನ್ನನ್ನು ಹುಡುಕುತ್ತಿದ್ದರು.

ಆಗ ಹೊರಗೆ ಹೋಗಿ ಕೈಮುಗಿದು "ತಪ್ಪಾಯಿತು" ಎಂದಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತು. ನಾನು ಗಡ್ಡ ಕಿತ್ತೆ, ಕಿರೀಟ ಇಳಿಸಿದೆ, ಮುಖ ತೊಳೆದೆ, ಬರಿಗಾಲಲ್ಲಿ ಸಭ್ಯ ಗೃಹಸ್ಥನಾಗಿ ಹೊರಬಂದೆ. ಪರಿಚಯವಾಯಿತು. ಅವರು ನನ್ನನ್ನು ಗುರುತಿಸಲಿಲ್ಲ.

"ನೋಡಿ ಸಾ," ಎಂದರು ಚಪ್ಪಲಿ ಎತ್ತಿ ತೋರಿಸುತ್ತ, "ಅದ್ಯಾವನೋ ರಾಜನ್ ವೇಸದಾಗೆ ಕುಂತಿದ್ದ. ನಂಗೂ ಅದೇ ಬಟ್ಟೆ ಬೇಕಿತ್ತು, ಏಳ್ನೇ ಇಲ್ಲ ಆಸಾಮಿ. ಮ್ಯಾಲೆ ಎಕ್ಕಡ ಹಿಡ್ಕೊ ಅಂತ ನಂಗೇ ಕೊಟ್ಬುಟ್ಟ!"

"ಎಂಥ ಜನ! ಸಂಸ್ಕಾರವೇ ಇಲ್ಲ" ಎಂದೆ. ಇದನ್ನು ಹೇಳಿದ್ದು ನಾನೇ.

"ಓಗ್ಲಿ ಬುಡಿ, ವಯಸ್ಸಾದೋನು. ಬರಿಗಾಲಾಗೆ ಬಿಸ್ಲಲ್ಲಿ ಅಲೀತಿರ್ತಾನೆ ಪಾಪ" ಎನ್ನುತ್ತಿದ್ದಂತೆ ಅವರ ದೃಷ್ಟಿ ನನ್ನ ಕಾಲಿನ ಮೇಲೆ ಇಳಿಯಿತು. "ನಿಮ್ದೂ ಬರಿಗಾಲು?"

"ಹರಕೆ," ಎಂದೆ. "ಮಗಳ ಲಗ್ನ ಆಗೋವರೆಗೂ ಮೆಟ್ಟಲ್ಲ ಅಂತ."

ನನ್ನವಳು ನನ್ನ ಕಿವಿಯ ಹತ್ತಿರ ಬಂದು, "ಯಾವ ದೇವ್ರಿಗೆ ಅಂತಾದ್ರೂ ಹೇಳ್ರೀ, ನಾನೂ ಕೈ ಮುಗ್ಕತೀನಿ" ಎಂದಳು. ಕೃಷ್ಣೇಗೌಡರ ಕಣ್ಣು ಮಾತ್ರ ತುಂಬಿಬಂದಿತ್ತು. ಆ ಚಪ್ಪಲಿಗಳನ್ನು ಸಿಂಹಾಸನದ ಕೆಳಗೆ ಜೋಡಿಸಿಟ್ಟು, "ಬಂದ್ರೆ ಕೊಟ್ಬುಡಿ" ಎಂದು ಫೋಟೋದವನಿಗೆ ಒಪ್ಪಿಸಿ ಬಂದರು. ಹುಡುಗನೂ ಸುಮಾಳೂ ಗಾಣದ ಬಳಿ ಬಹಳ ಹೊತ್ತು ಮಾತನಾಡಿದರು. ಇಬ್ಬರಿಗೂ ಒಪ್ಪಿಗೆಯಾಯಿತು.

ಬಸ್ಸು ಶಾಂತಿಗ್ರಾಮ ದಾಟಿದಮೇಲೆ ಸುಮಾ ಬಾಯಿಬಿಟ್ಟಳು. ಎದುರಿನ ಅಂಗಡಿಯಿಂದ ಎಲ್ಲವನ್ನೂ ನೋಡಿದ್ದಳಂತೆ. "ಅಪ್ಪ, ನಾನು ಆ ಮನೇಲಿ ಬಾಳಬೇಕು. ಲಗ್ನಕ್ಕೆ ಮುಂಚೆ ನೀನೇ ಹೇಳ್ಬಿಡು. ಇಲ್ದಿದ್ರೆ ನಾನು ಅವ್ರ ಮುಖ ನೋಡೋದು ಹೆಂಗೆ?"

ಹೇಳಲೆಂದೇ ಮೂರು ಸಲ ಅರಕಲಗೂಡಿಗೆ ಹೋದೆ. ಮೂರೂ ಸಲ ಬಸ್ಸಿನಲ್ಲೇ ಚಪ್ಪಲಿ ಕಳಚಿ ಚೀಲದಲ್ಲಿಟ್ಟುಕೊಂಡು, ಹರಕೆಯವನಂತೆ ಬರಿಗಾಲಲ್ಲಿ ನಿಲ್ದಾಣದಲ್ಲಿ ಇಳಿದೆ. ಮೂರನೆಯ ಸಲ ಕೃಷ್ಣೇಗೌಡರು ಎದುರುಗೊಳ್ಳಲು ತಾವೇ ನಿಲ್ದಾಣಕ್ಕೆ ಬಂದಿದ್ದರು. ಅವರ ಕಾಲಲ್ಲೂ ಏನೂ ಇರಲಿಲ್ಲ. "ನೀವು ಒಬ್ರೇ ಯಾಕೆ ಸುಟ್ಕಬೇಕು ಬೀಗ್ರೆ? ನಮ್ ಮನೆಗೆ ಬರಾ ಮಗು ಅಲ್ವಾ, ನಂಗೂ ಪಾಲಿರ್ಲಿ" ಎಂದರು. ಕಾದ ಡಾಂಬರಿನ ಮೇಲೆ, ಒಬ್ಬರನ್ನೊಬ್ಬರು ಹಿಡಿದುಕೊಂಡು, ಕುಣಿಯುವವರಂತೆ ಕಾಲೆತ್ತಿ ಹಾಕುತ್ತ, ಇಬ್ಬರು ಮುದುಕರು ಅವರ ಮನೆ ಸೇರಿದೆವು. ಅಂದೂ ನಾಲಗೆ ಏಳಲಿಲ್ಲ. ಚೀಲ ಮಾತ್ರ ಕಂಕುಳಲ್ಲಿ ಭಾರವಾಗಿ ಕುಳಿತಿತ್ತು.

ಬಾಯಲ್ಲಿ ಆಗದ್ದು ಬರಹದಲ್ಲಿ ಆದೀತೆಂದು ಇಷ್ಟನ್ನೂ ಬರೆದೆ. ಕಚೇರಿಯಲ್ಲಿ ಕಠಿಣ ವಿಷಯಗಳನ್ನೆಲ್ಲ ಹೀಗೆ ಲಿಖಿತದಲ್ಲೇ ಮುಗಿಸುತ್ತಿದ್ದೆ. ಲಗ್ನಕ್ಕೆ ಇನ್ನು ಹನ್ನೊಂದು ದಿನ. ಹಾಳೆಗಳನ್ನು ಮಡಿಚಿ, ಲಕೋಟೆಯಲ್ಲಿಟ್ಟು, ಮೇಲೆ ಕೃಷ್ಣೇಗೌಡರ ಹೆಸರು ಬರೆದು ಸುಮಾಳ ಕಡೆಗೆ ಚಾಚಿದೆ.

ಅವಳು ಲಕೋಟೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಇದನ್ನೂ ಬೇರೆಯವ್ರೇ ಹಿಡ್ಕೋಬೇಕಾ ಅಪ್ಪ?" ಎಂದಳು.