ಭಾವನ ಲಾರಿ ಎಂಜಿನ್

ಕಿಲ್ಕೆನ್ನಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್‌ಗೆ ಮುಂಚೆ ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸುವುದು ನನ್ನ ಭಾವನ ಉದ್ಯೋಗ. ಶನಿವಾರ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ ನನ್ನನ್ನು ಎಬ್ಬಿಸುವುದು ಅವರ ಹವ್ಯಾಸ. ಎರಡರಲ್ಲೂ ಅವರು ಈವರೆಗೆ ಸೋತದ್ದಿಲ್ಲ.

ಕಳೆದ ವರ್ಷ ಅವರಿಗೆ ಹಾಟ್ ರಾಡ್ ಹುಚ್ಚು ಹಿಡಿಯಿತು. ಹಳೆಯ ಕಾರಿನ ಮೈಯನ್ನು ಕೊಯ್ದು ತಗ್ಗಿಸಿ, ಅದರ ಅಳತೆಗೆ ಮೀರಿದ ಎಂಜಿನ್ ಕೂರಿಸಿ, ಬೀದಿಯೆಲ್ಲ ತಿರುಗಿ ನೋಡುವಂತೆ ಗುಡುಗಿಸಿಕೊಂಡು ಹೋಗುವ ಗಾಡಿಯದು. ಹೆದ್ದಾರಿಯಲ್ಲೂ ಅರವತ್ತರ ವೇಗ ದಾಟದ ಮನುಷ್ಯನಿಗೆ ಇದೆಲ್ಲ ಯಾಕೆ ಬೇಕಿತ್ತು? ಕೇಳಿದರೆ, “ಓಡ್ಸೋಕಲ್ಲ ಕಣಯ್ಯ, ಕಟ್ಟೋಕೆ,” ಅಂದರು.

ಎಂಜಿನ್ ಸಿಕ್ಕಿದ್ದು ಊರಾಚೆ ಡೋನಲ್ ಎಂಬ ಹಿರಿಯ ರೈತರ ಶೆಡ್ಡಿನಲ್ಲಿ. ಅವರ ಅಪ್ಪ ಆಲೂಗಡ್ಡೆ ಹೇರುತ್ತಿದ್ದ ಲಾರಿ ಅಲ್ಲಿ ದಶಕಗಳಿಂದ ನಿಂತಲ್ಲೇ ನಿಂತಿತ್ತು. ಬಾನೆಟ್ ಎತ್ತಿದರೆ ಒಳಗೊಂದು ಹಕ್ಕಿಗೂಡು. ನಾನು ವಾಸವಿದ್ದ ಟಾಲಾದಿಂದ ಒಂದೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದ ನನಗೆ ಅದರೊಳಗೇ ಮುದುರಿ ಮಲಗೋಣ ಅನ್ನಿಸಿತು.

ಮೊದಲ ಶನಿವಾರ ಒಂದು ನಟ್ಟನ್ನೂ ಬಿಚ್ಚಲಿಲ್ಲ. ಬಿಚ್ಚುವ ಮೊದಲು ಪ್ರತಿ ವೈರಿಗೂ ಹೆಸರು ಬರೆದು ಅಂಟಿಸಬೇಕೆಂದು ಭಾವನ ಆಜ್ಞೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಸಂಜೆ ನೋಡಿದರೆ ಹನ್ನೊಂದು ಚೀಟಿಗಳಲ್ಲಿ ಒಂಬತ್ತರ ಮೇಲೆ ‘ಗೊತ್ತಿಲ್ಲ’ ಎಂದಿತ್ತು.

“ಪರವಾಗಿಲ್ಲ, ನಂಬರ್ ಹಾಕು,” ಅಂದರು. ಹಾಗೆ ‘ಗೊತ್ತಿಲ್ಲ ಒಂದು’, ‘ಗೊತ್ತಿಲ್ಲ ಎರಡು’ ಎಂದು ಬರೆದು ಮುಗಿಸುವಷ್ಟರಲ್ಲಿ ಕತ್ತಲಾಯಿತು.

ಆಮೇಲೆ ಬೋಲ್ಟುಗಳ ಸರದಿ. ತುಕ್ಕು ಹಿಡಿದ ಒಂದೊಂದು ಬೋಲ್ಟಿಗೂ ಭಾವ ಎಣ್ಣೆ ಬಿಟ್ಟು, ರೋಗಿಯ ತಲೆಯ ಬಳಿ ನಿಂತವರಂತೆ ತಾಳ್ಮೆಯಿಂದ ಕಾಯುತ್ತಿದ್ದರು. ನಾನು ಲಾರಿಯಡಿ ಒದ್ದೆ ನೆಲದ ಮೇಲೆ ಸ್ಪ್ಯಾನರ್ ಹಿಡಿದು ಮಲಗಿರುತ್ತಿದ್ದೆ.

“ಆತುರ ಬೇಡ ಕಣೋ. ತಾನಾಗೇ ಬಿಡುತ್ತೆ.”

“ಭಾವ, ಅದಕ್ಕಿಂತ ಮೊದ್ಲು ನನ್ನ ಸೊಂಟ ಬಿಡುತ್ತೆ.”

ಮನೆಗೆ ಹೋದರೆ ಅಕ್ಕ ನಮ್ಮಿಬ್ಬರನ್ನೂ ಬಾಗಿಲಲ್ಲೇ ತಡೆದು, ಬಟ್ಟೆ ಬದಲಿಸದೆ ಒಳಗೆ ಬಂದರೆ ಸಾರು ಇಲ್ಲ ಎನ್ನುತ್ತಿದ್ದಳು. ಅಷ್ಟು ಸುಸ್ತಾದವನು ಬೈಸಿಕೊಂಡಾದರೂ ಸಾರು ಉಣ್ಣುತ್ತಾನೆ.

ಏಳನೆಯ ಶನಿವಾರ ಬಾಡಿಗೆಯ ಕ್ರೇನ್ ಬಂತು. ಎಂಜಿನ್ನಿಗೆ ಸರಪಳಿ ಬಿಗಿದು ಎತ್ತತೊಡಗಿದೆವು. ಎಂಜಿನ್ ಮೇಲೆದ್ದಿತು. ಅದರ ಜೊತೆ ಲಾರಿಯ ಮೂತಿಯೂ ಎದ್ದಿತು, ಮುಂದಿನ ಎರಡು ಚಕ್ರಗಳೂ ನೆಲ ಬಿಟ್ಟವು. ಗೇರ್‌ಬಾಕ್ಸಿನ ಮರೆಯಲ್ಲಿ ಇನ್ನೂ ಒಂದು ಬೋಲ್ಟು ಉಳಿದಿತ್ತು.

ಡೋನಲ್ ಟೀ ಹೀರುತ್ತಾ, ಎಲ್ಲ ಚೆನ್ನಾಗಿದೆ ಎನ್ನಲು ಇಲ್ಲಿನವರು ಆಡುವ ಮಾತಿನಲ್ಲಿ, “ಗ್ರ್ಯಾಂಡ್. ಲಾರೀನೂ ತಗೊಂಡೋಗ್ತೀರಾ ಹಾಗಾದ್ರೆ?” ಅಂದರು.

ಅದನ್ನು ಬಿಚ್ಚಲು ಮತ್ತೊಂದು ಶನಿವಾರ ಬೇಕಾಯಿತು. ಕೊನೆಗೂ ಎಂಜಿನ್ ಹೊರಬಂದು ಸರಪಳಿಯಲ್ಲಿ ಮೆಲ್ಲಗೆ ತೂಗಾಡಿದಾಗ ಸಂತೋಷಪಡಲು ಬೇಕಾದ ಶಕ್ತಿಯೂ ನನ್ನಲ್ಲಿರಲಿಲ್ಲ. ಭಾವ ಕೈ ತೊಳೆಯಲು ಹೋದರು. ಡೋನಲ್ ನನ್ನ ಪಕ್ಕ ಬಂದು ನಿಂತರು.

“ಮೊದಲ್ನೇ ವಾರಾನೇ ಹೇಳಿದ್ದೆ, ನಮ್ಮ ತಮ್ಮನ ಮಗ ಮೆಕ್ಯಾನಿಕ್, ಒಂದು ಬೆಳಿಗ್ಗೇಲಿ ಇಳಿಸಿ ಕೊಡ್ತಾನೆ ಅಂತ. ಡಾಕ್ಟರು ಬೇಡ ಅಂದ್ರು. ನಿಧಾನ ಆದಷ್ಟೂ ಒಳ್ಳೇದು, ನಮ್ಮ ಭಾವಮೈದ ಮನೆಯಿಂದ ಹೊರಗೆ ಬರಬೇಕು ಅಂದ್ರು.”

ಆ ವಸಂತದಲ್ಲಿ ನನ್ನ ಕೆಲಸ ಹೋಗಿತ್ತು. ವರ್ಕ್ ಪರ್ಮಿಟ್ಟಿನಲ್ಲಿ ಉಳಿದ ದಿನಗಳನ್ನು ಎಣಿಸುತ್ತಾ, ಕಿಟಕಿಯ ಪರದೆ ಕೂಡ ಸರಿಸದೆ, ವಾರವಿಡೀ ಹಾಸಿಗೆಯಲ್ಲೇ ಬಿದ್ದಿರುತ್ತಿದ್ದೆ. ಅಕ್ಕನಿಗೆ ಫೋನಿನಲ್ಲಿ “ಎಲ್ಲ ಗ್ರ್ಯಾಂಡ್” ಎನ್ನುತ್ತಿದ್ದೆ. ಭಾವ ಆ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಸ್ಪ್ಯಾನರ್ ಕೊಡು ಎಂದಷ್ಟೇ ಕೇಳಿದ್ದರು.

ಕೈ ಒರೆಸಿಕೊಳ್ಳುತ್ತಾ ಅವರು ಬಂದರು. “ಇನ್ನು ಪೂರ್ತಿ ಬಿಚ್ಚಿ ಒಳಗೆಲ್ಲ ತೊಳೀಬೇಕು ಕಣೋ. ಸುಮಾರು ಶನಿವಾರ ಹಿಡಿಯುತ್ತೆ. ಬೇಜಾರಿಲ್ಲ ತಾನೇ?”

ನಾನು ಬಗ್ಗಿ ನೆಲದ ಮೇಲಿದ್ದ ಸ್ಪ್ಯಾನರ್ ಎತ್ತಿ ಅವರ ಕೈಗಿಟ್ಟೆ.

“ಶನಿವಾರ ಒಂದೇ ಸಾಲಲ್ಲ ಭಾವ,” ಅಂದೆ. “ಭಾನುವಾರನೂ ಬರ್ತೀನಿ.”