ಠೊಣಪನ ಸನ್ನಡತೆಯ ವಿರುದ್ಧ

ಮಾನ್ಯರೇ,

ಕಿಟಕಿಯ ಕಟ್ಟೆಯ ಏಕಮೇವ ಅಧಿಪತಿಗಳೂ, ಈ ಮನೆಯ ಪರದೆಗಳನ್ನೆಲ್ಲ ಎಳೆಎಳೆಯಾಗಿ ಬಿಡಿಸಿದ ಕಸಬುದಾರರೂ, ಮನೆಮಂದಿಯ ಬಾಯಲ್ಲಿ ಸಲುಗೆಯಿಂದ ಠೊಣಪ ಎನಿಸಿಕೊಂಡವರೂ ಆದ ಬೆಕ್ಕಿನವರ ಪಾದಗಳಿಗೆ, ಉಗುರುಗಳಿಂದ ತುಸು ದೂರದಲ್ಲಿ ನಿಂತು, ನಮಸ್ಕಾರಗಳು. ತಾವು ಈಗ ಚೇತರಿಸಿಕೊಂಡಿರುವುದರಿಂದ ಈ ದೂರು ಸಲ್ಲಿಸುವ ಧೈರ್ಯ ಮಾಡಿದ್ದೇನೆ. ತಮ್ಮ ಕುಲಬಾಂಧವರನ್ನು ಸಾಕಿರುವ ಬೇರೆ ಮನೆಯವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ದೂರು ತಮ್ಮ ಕೆಟ್ಟ ನಡತೆಯ ಬಗ್ಗೆ ಅಲ್ಲ. ಅದಕ್ಕೆ ನಾವು ಒಗ್ಗಿಹೋಗಿದ್ದೇವೆ. ಹೋದ ವಾರ ಯಾವ ಮುನ್ಸೂಚನೆಯೂ ಇಲ್ಲದೆ ತಾವು ತೋರಿದ ಒಳ್ಳೆಯ ನಡತೆಯ ಬಗ್ಗೆ.

ಬಚ್ಚಲಲ್ಲಿರುವ ತಮ್ಮ ಶೌಚದ ಪೆಟ್ಟಿಗೆಗೆ ಬೇರೆ ಬಗೆಯ ಮರಳು ತಂದದ್ದು ನಾವೇ. ಮನೆಯಲ್ಲಿ ಒಂದು ಕುರ್ಚಿ ಸರಿಸಿದರೂ ತಮ್ಮ ಆಕ್ಷೇಪಣೆ ನೆಲದ ಮೇಲೆ ಒದ್ದೆಯಾಗಿ ದಾಖಲಾಗುವುದನ್ನು ಬಲ್ಲ ನಾವು, ತಾವು ಮತ್ತೆ ಮತ್ತೆ ಪೆಟ್ಟಿಗೆಯಲ್ಲಿ ಕುಕ್ಕರಿಸಿ ಕೂತು ಗಂಟಲಿನ ಆಳದಿಂದ ಕೂಗಿದಾಗ, ಇದು ಮರಳಿನ ವಿರುದ್ಧ ಹೂಡಿದ ಮುಷ್ಕರವೆಂದೇ ತಿಳಿದೆವು. ನನ್ನ ಅತ್ತೆ ಹಳೆಯ ಮರಳನ್ನೇ ತರಿಸಿ, ತಮ್ಮಲ್ಲಿ ಕ್ಷಮೆ ಕೋರಿ, "ಯಾರೂ ಆ ಕಡೆ ಹೋಗ್ಬೇಡಿ, ಪಾಪ, ಅವನಿಗೂ ಮಾನ ಮರ್ಯಾದೆ ಇದೆ" ಎಂದು ಬಚ್ಚಲಿನ ಬಾಗಿಲನ್ನು ಓರೆ ಮಾಡಿದರು. ಮರುದಿನ ಪೆಟ್ಟಿಗೆ ನೋಡಿ, "ನೋಡೇ, ಒಂದು ಹನಿ ಇಲ್ಲ. ಎಷ್ಟು ಚೊಕ್ಕವಾಗಿ ಇಟ್ಟಿದ್ದಾನೆ. ನಿನ್ನ ಗಂಡ ಇವನನ್ನ ನೋಡಿ ಕಲೀಬೇಕು" ಎಂದು ಹೊಗಳಿದರು. ಆ ಹೊಗಳಿಕೆಯನ್ನು ತಾವು ಆಗಲೇ ತಿರಸ್ಕರಿಸಬೇಕಿತ್ತು.

ಬದಲಿಗೆ ತಾವು ಸಜ್ಜನರಾದಿರಿ. ಊಟ ಕೇಳಲಿಲ್ಲ. ಅತ್ತೆ ಮಡಿಲಲ್ಲಿ ಮಲಗಿಸಿಕೊಂಡು ನಾಲ್ಕೂ ಕಾಲಿನ ಉಗುರು ಕತ್ತರಿಸಿದಾಗ, ಹಿಂದೊಮ್ಮೆ ಇದೇ ಕೆಲಸಕ್ಕೆ ಕೈಹಾಕಿದವರೆಲ್ಲರ ರಕ್ತ ಹರಿಸಿದ್ದ ತಾವು, ಕಣ್ಣು ತೆರೆದುಕೊಂಡೇ ಏನನ್ನೂ ನೋಡದೆ ಮಲಗಿದ್ದಿರಿ. ಪಾದ ತಣ್ಣಗಿದೆ ಎಂದು ನಾನು ಹೇಳಿದ್ದಕ್ಕೆ "ಕೋಪ ಇಳಿದಿದೆ ಅಷ್ಟೆ" ಎಂದರು ಅತ್ತೆ. ಇಂಥ ಗಳಿಗೆ ಮತ್ತೆ ಸಿಗಲಾರದು, ತಾವು ಸದಾ ತಪ್ಪಿಸಿಕೊಳ್ಳುತ್ತಿದ್ದ ಲಸಿಕೆಯನ್ನು ಈಗಲೇ ಹಾಕಿಸಿಬಿಡೋಣವೆಂದು, ಬೋನೂ ಇಲ್ಲದೆ, ತರಕಾರಿ ಚೀಲದಲ್ಲಿಟ್ಟು ತಮ್ಮನ್ನು ಕರೆದೊಯ್ದೆವು. ತಾವು ಇಂದು ಬದುಕಿರುವುದು ನಮ್ಮ ಜಾಣತನದಿಂದಲ್ಲ, ಈ ಸಮಯಸಾಧಕತನದಿಂದ ಎಂದು ವಿನಯಪೂರ್ವಕ ನಿವೇದಿಸುತ್ತೇನೆ.

ಪಶುವೈದ್ಯೆ ಎಂದಿನಂತೆ ಮೊಣಕೈವರೆಗಿನ ದಪ್ಪ ಕೈಗವಸು ತೊಟ್ಟು ಬಂದವರು, ತಮ್ಮನ್ನು ನೋಡಿ ಅದನ್ನು ಕಳಚಿಟ್ಟರು. ಎದೆಗೆ ಸ್ಟೆತೊಸ್ಕೋಪ್ ಇಟ್ಟರು. ಹಿಂದೆಲ್ಲ ಅವರ ಮೇಜಿನ ಮೇಲೆ ಎಣಿಕೆಗೆ ಸಿಗದಂತೆ ಓಡುತ್ತಿದ್ದ ತಮ್ಮ ಹೃದಯ ಅಂದು, ಊಟವಾದ ಮೇಲಿನ ಗುಮಾಸ್ತನಂತೆ, ಒಂದೊಂದೇ ಬಡಿತವನ್ನು ಮನಸ್ಸಿಲ್ಲದ ಮನಸ್ಸಿನಿಂದ ಮಂಜೂರು ಮಾಡುತ್ತಿತ್ತು. ವೈದ್ಯೆ ಕಲ್ಲಿನಂತಿದ್ದ ಹೊಟ್ಟೆಯನ್ನು ಮುಟ್ಟಿ, "ಕೊನೇ ಸಲ ಒಂದು ಮಾಡಿದ್ದು ಯಾವಾಗ?" ಎಂದರು. "ನಿನ್ನೆಯಿಂದ ಒಂದು ಹನಿ ಗಲೀಜು ಮಾಡಿಲ್ಲ ಡಾಕ್ಟ್ರೇ" ಎಂದು ಅತ್ತೆ ಹೆಮ್ಮೆಯಿಂದಲೇ ಹೇಳಿದರು. "ಅಮ್ಮ, ಇವನು ಸಾಧು ಆಗಿಲ್ಲ, ಸಾಯ್ತಾ ಇದಾನೆ" ಎಂದರು ವೈದ್ಯೆ.

ಉಪ್ಪಿಗಿಂತ ಸಣ್ಣ ಹರಳುಗಳು ಲೋಳೆಯೊಂದಿಗೆ ಸೇರಿ ತಮ್ಮ ಮೂತ್ರದ ದಾರಿಗೆ ಬಿರಡೆ ಹಾಕಿದ್ದವಂತೆ. ಹೊರಗೆ ಹೋಗಬೇಕಿದ್ದ ಪೊಟ್ಯಾಶಿಯಂ ರಕ್ತದಲ್ಲೇ ಠಿಕಾಣಿ ಹೂಡಿ, ನಿಧಾನಿಸು ಎಂದು ಹೃದಯಕ್ಕೆ ಅಪ್ಪಣೆ ಕೊಟ್ಟಿತ್ತು. ಉಳಿದ ಕಶ್ಮಲ ಮಿದುಳಿಗೆ ಮಂಕು ಕವಿಸಿ ಕಾಲಿನ ಬಲ ಕಸಿದಿತ್ತು. ನಾವು ಸನ್ನಡತೆ ಎಂದು ಮುದ್ದಿಸಿದ್ದು ಇದನ್ನು. ಮೊದಲು ಹೃದಯವನ್ನು ಕಾಯಲೆಂದು ಕ್ಯಾಲ್ಸಿಯಂ ಚುಚ್ಚುಮದ್ದನ್ನು, ಯಂತ್ರದ ಪರದೆಯ ಗೆರೆಯಿಂದ ಕಣ್ಣು ಕೀಳದೆ, ನಿಧಾನವಾಗಿ ಕೊಟ್ಟರು. ಆಮೇಲೆ ಪೊಟ್ಯಾಶಿಯಂ ಇಳಿಸಲು ಇನ್ಸುಲಿನ್, ಜೊತೆಗೆ ಗ್ಲೂಕೋಸ್, ಕೊನೆಗೆ ಮೂತ್ರದ ದಾರಿ ತೆರೆಯಲು ಕೊಳವೆ. ಅಷ್ಟು ಹೊತ್ತೂ ಅತ್ತೆ ಗೋಡೆಗೆ ಮುಖ ಮಾಡಿ ನಿಂತು, "ಒಂದೇ ಒಂದು ಸಲ ಗುರ್ ಅನ್ನೋ. ಯಾರ ಕೈ ಬೇಕಾದ್ರೂ ಕಚ್ಚು" ಎಂದು ಗೊಣಗುತ್ತಿದ್ದರು.

ತಮ್ಮನ್ನು ಅಲ್ಲೇ ಇರಿಸಿಕೊಂಡಿದ್ದ ವೈದ್ಯೆ ಮರುದಿನ ಫೋನ್ ಮಾಡಿ, "ಕೈಗವಸು ಹಾಕ್ಕೊಂಡೆ" ಎಂದಷ್ಟೇ ಹೇಳಿದರು. "ಕಚ್ಚಿದನಾ?" ಎಂದು ಅತ್ತೆ ಆಸೆಯಿಂದ ಕೇಳಿದರು.

ಆದಕಾರಣ ತಮ್ಮಲ್ಲಿ ಬಿನ್ನಹ. ಮುಂದೆ ತಮ್ಮ ಹೃದಯ ನಿಧಾನಿಸಲು ಇಚ್ಛಿಸಿದಲ್ಲಿ ತಮ್ಮ ಗಂಭೀರ ಮುಖದ ಮೂಲಕ ಬಾರದೆ ನೇರವಾಗಿ ನಮಗೇ ಅರ್ಜಿ ಹಾಕಲಿ. ಮೂತ್ರಕೋಶ ತುಂಬಿದೊಡನೆ ತಮ್ಮ ಕಿವಿಗಳಲ್ಲೊಂದು ಕೆಂಪು ದೀಪ ಹೊತ್ತಿಕೊಳ್ಳಲಿ. ಇವು ತಮ್ಮ ಘನತೆಗೆ ಕುಂದೆನಿಸಿದರೆ, ದಿನವೂ ಬೆಳಗ್ಗೆ ಮನೆಯ ಯಾರಾದರೊಬ್ಬರನ್ನು ಪರಚಿ ತಾವು ಕ್ಷೇಮವೆಂದು ತಿಳಿಸಿದರೆ ಸಾಕು. ಮೊದಲ ಸರದಿಯನ್ನು ಅತ್ತೆ ತಾವಾಗಿ ಕೇಳಿ ಪಡೆದಿದ್ದಾರೆ. ಬಚ್ಚಲಿನ ಬಾಗಿಲು ಇನ್ನು ಹಗಲೆಲ್ಲ ತೆರೆದೇ ಇರುತ್ತದೆ, ತಾವು ಕೂತಾಗಲೆಲ್ಲ ಒಬ್ಬರು ಎದುರು ನಿಂತು ನೋಡುತ್ತೇವೆ. ತಮ್ಮ ಮರ್ಯಾದೆಗಾಗುವ ಭಂಗಕ್ಕೆ ನಾವು ವಿಷಾದಿಸುವುದಿಲ್ಲ.

ಇಂತಿ, ತಮ್ಮ ಪಂಜಕ್ಕೆ ಮುಂಗೈ ಒಡ್ಡಿ ಕಾದಿರುವ,
ತಮ್ಮ ವಿಶ್ವಾಸಿ,
ಮನೆಯ ಸೊಸೆ

ಮರೆತ ಮಾತು: ಇದು ಪತ್ರದ ಎರಡನೆಯ ಪ್ರತಿ. ಮೇಜಿನ ಮೇಲಿದ್ದ ಮೊದಲನೆಯದರ ಮೇಲೆ ತಾವು ಹತ್ತಿ ಕೂತು ಧಾರಾಳವಾಗಿ ಉತ್ತರಿಸಿದ್ದೀರಿ. ನಾನು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಒದ್ದೆಯ ಉದ್ದಗಲ ನೋಡಿ, ವೈದ್ಯೆಗೆ ತೋರಿಸಲು ಹೊರಟೇಹೋದರು. ತನ್ನ ಅಂಕಪಟ್ಟಿ ನೋಡಿದ ದಿನವೂ ಅಮ್ಮನ ಮುಖದಲ್ಲಿ ಇಷ್ಟು ತೃಪ್ತಿ ಇರಲಿಲ್ಲವೆಂದು ನನ್ನ ಗಂಡ ಹೇಳುತ್ತಾರೆ.